ಗರಿ ನೆಟ್ಟಗಿದ್ದವಳು

ಹಿಡಿಯಕ್ಕನಿಗೆ ಆ ಹೆಸರು ಬಂದದ್ದು ಅವಳ ಕೈಯಿಂದ. ಎಡಗೈಯಲ್ಲಿ ನಾಲ್ಕು ಗೌಜಲಕ್ಕಿಗಳನ್ನು ಕಾಲು ಹಿಡಿದು ತೂಗಿಸಿಕೊಂಡು, ಬಲಗೈಯ ಎರಡೇ ಬೆರಳಲ್ಲಿ ಐದನೆಯದರ ಕತ್ತು ಮುರಿಯಬಲ್ಲ ಹೆಂಗಸು ಆ ಬೀದಿಯಲ್ಲಿ ಅವಳೊಬ್ಬಳೇ. ಇನ್ನೊಬ್ಬಳಿದ್ದಿದ್ದರೆ ಆ ಬೀದಿಯಲ್ಲಿ ಯಾರೂ ಮನೆ ಮಾಡುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಕರೆಯುವವರು ಸತ್ತರು, ಉಳಿದವರು ಮರೆತರು, ಅವಳೂ ಅದನ್ನು ಕೇಳಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಿದ್ದಳು.

ಮನೆಯ ಹಿಂದಿನ ಅಂಗಳ ದಾಟಿದರೆ ತಗಡಿನ ಷೆಡ್ಡು. ಒಳಗೆ ಮೂರು ಅಂತಸ್ತಿನ ತಂತಿ ಗೂಡುಗಳು, ಗೂಡಿನ ಕೆಳಗೆ ಹಿಕ್ಕೆಯ ತಟ್ಟೆಗಳು. ಷೆಡ್ಡಿನ ಮಗ್ಗುಲಿಗೆ ಅಂಟಿಕೊಂಡಂತೆ ಆಹಾರ ಕಲಸುವ ಒಂದು ಪುಟ್ಟ ಕೋಣೆ. ಎರಡಕ್ಕೂ ನಡುವೆ ತಗಡಿನ ಗೋಡೆ, ಹೋಗಿಬರಲು ದಪ್ಪ ಮರದ ಚೌಕಟ್ಟಿನ ಬಾಗಿಲು. ಇಷ್ಟೂ ಅಪ್ಪ ಕಟ್ಟಿದ್ದು. ಅಪ್ಪ ಸತ್ತ ಮೇಲೆ ಹಿಡಿಯಕ್ಕ ಮತ್ತು ಅವಳ ತಂಗಿ ನಡೆಸಿಕೊಂಡು ಬಂದಿದ್ದರು. ಅಮ್ಮ ತಂಗಿಯನ್ನು ಹೆತ್ತ ವಾರದಲ್ಲೇ ಹೋದವಳು. ತಂಗಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೈದು, ಬೆಳೆಸಿದವಳು ಅಕ್ಕ.

ಗೌಜಲಕ್ಕಿ ಎಂದರೆ ಮುಷ್ಟಿಗಾತ್ರದ ಹಕ್ಕಿ, ದುಂಡಗೆ, ಚುಕ್ಕೆ ಚುಕ್ಕೆಯಾಗಿ. ನೋಡಿದವರು "ಅಯ್ಯೋ, ಎಷ್ಟು ಪಾಪದ್ದು!" ಎನ್ನುತ್ತಾರೆ. ಸಾಕಿದವರು ಯಾರೂ ಹಾಗೆನ್ನುವುದಿಲ್ಲ. ಗೂಡಿನಲ್ಲಿ ಒಂದರ ಬೆನ್ನ ಮೇಲೆ ಒಂದು ಹನಿ ರಕ್ತ ಕಾಣಿಸಿಕೊಳ್ಳಲಿ, ಉಳಿದವೆಲ್ಲ ಮೈಮೇಲೆ ಬೀಳುತ್ತವೆ. ಗರಿ ಕೀಳುತ್ತವೆ, ತಲೆಯ ಚರ್ಮ ಸುಲಿಯುತ್ತವೆ, ಹಿಂಬದಿಯಿಂದ ಕರುಳು ಎಳೆಯುತ್ತವೆ. ಆಮೇಲೆ ನೀರು ಕುಡಿದು, ಸತ್ತದ್ದರ ಮೇಲೆಯೇ ಕಾಲಿಟ್ಟು ನಿಂತು, ಏನೂ ಆಗದವರ ಹಾಗೆ ಮೊಟ್ಟೆ ಇಡುತ್ತವೆ.

ಇದಕ್ಕೆ ಅಪ್ಪನ ಹತ್ತಿರ ಒಂದು ಕಾನೂನಿತ್ತು. ಗರಿ ನೆಟ್ಟಗಿದ್ದದ್ದೇ ಕಳ್ಳ. ಗೂಡಿನಲ್ಲಿ ಎಲ್ಲರ ಬೆನ್ನೂ ಬೋಳಾಗಿ, ಒಂದು ಮಾತ್ರ ಮದುವೆಗೆ ಹೊರಟ ಹಾಗೆ ನುಣ್ಣಗೆ ನಿಂತಿದ್ದರೆ, ಉಳಿದವರ ಗರಿ ಕಿತ್ತವರು ಯಾರು ಅಂತ ಬೇರೆ ಕೇಳಬೇಕೇ? ಅದನ್ನು ಹಿಡಿ, ಕತ್ತು ಮುರಿ, ಗೂಡು ತಣ್ಣಗಾಗುತ್ತದೆ. ಆಶ್ಚರ್ಯವೆಂದರೆ, ತಣ್ಣಗಾಗುತ್ತಲೂ ಇತ್ತು. ಒಂದು ಹಕ್ಕಿ ಕಡಿಮೆಯಾದರೆ ಉಳಿದವಕ್ಕೆ ಕಾಲೂರಲು ಜಾಗ ಜಾಸ್ತಿ, ಕಾಳೂ ಜಾಸ್ತಿ. ಎರಡು ದಿನ ಸುಮ್ಮನಿರುತ್ತಿದ್ದವು. ಅಪ್ಪ ಮೀಸೆ ತಿರುವುತ್ತಿದ್ದ. ಜಗತ್ತಿನ ಎಷ್ಟೋ ಕಾನೂನುಗಳು ಹೀಗೇ ಬದುಕಿಕೊಂಡಿವೆ.

ಅಪ್ಪನ ಇನ್ನೊಂದು ಕಾನೂನು: ಕೊಲ್ಲುವ ಕೈ ತಿನ್ನಿಸಬಾರದು. ಹಕ್ಕಿಗೆ ಕೈಯ ಗುರುತು ಸಿಗುತ್ತದಂತೆ, ಹೆದರಿ ತಿನ್ನುವುದಿಲ್ಲವಂತೆ. ಹಾಗಾಗಿ ಕೊಲ್ಲುವುದು, ಸುಲಿಯುವುದು, ಗೂಡು ತೊಳೆಯುವುದು ಹಿಡಿಯಕ್ಕನ ಪಾಲು. ಕಲಸುವುದು, ತಿನ್ನಿಸುವುದು ತಂಗಿಯ ಪಾಲು. ಅಪ್ಪ ಮಣ್ಣು ಸೇರಿದರೂ ಈ ಗೆರೆಯನ್ನು ಇಬ್ಬರೂ ದಾಟಿರಲಿಲ್ಲ.

ಆ ಮನುಷ್ಯ ಗೂಡಿನ ಕಾನೂನನ್ನು ಗೂಡಿನಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮನೆಯಲ್ಲಿ ಲೋಟ ಒಡೆಯಲಿ, ಮೊಟ್ಟೆಯ ಬುಟ್ಟಿ ಬೀಳಲಿ, ಮಕ್ಕಳಿಬ್ಬರೂ ಜುಟ್ಟು ಜುಟ್ಟು ಹಿಡಿದುಕೊಳ್ಳಲಿ, ಅಪ್ಪ ಏನೂ ವಿಚಾರಿಸುತ್ತಿರಲಿಲ್ಲ. ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಮೈ ನೋಡುತ್ತಿದ್ದ. ಯಾರ ಮೈಮೇಲೆ ಗೀರಿಲ್ಲವೋ ಅವಳಿಗೆ ಬೆಲ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆಯನ್ನು ಆರಿಸುವ ಅವನ ವಿಧಾನ ಇದು.

ಆಗ ಅಕ್ಕ ತಂಗಿಗೆ ಒಂದು ಉಪಾಯ ಹೇಳಿಕೊಟ್ಟಳು. ತಂಗಿ ಇನ್ನೂ ತೊದಲು ಬಿಟ್ಟಿರಲಿಲ್ಲ.

"ಅಪ್ಪನ ಚಪ್ಪಲಿ ಸದ್ದು ಕೇಳಿದ ತಕ್ಷಣ ಬಾಗಿಲ ಚೌಕಟ್ಟಿಗೆ ಹಣೆ ಬಡ್ಕೋ. ಜೋರಾಗಿ ಬಡ್ಕೋಬೇಕು, ಕೆಂಪಾಗ್ಬೇಕು. ಆಗ್ಲಿಲ್ಲ ಅಂದ್ರೆ ಕೂದ್ಲು ಕಿತ್ಕೋ."

"ನೀನು?"

"ನಾನು ಸುಮ್ನೆ ನಿಂತಿರ್ತೀನಿ."

ಅಂದಿನಿಂದ ಬೆಲ್ಟೆಲ್ಲ ಅಕ್ಕನಿಗೆ. ಬೆಲ್ಟಿನ ಏಟು ಬಿದ್ದ ಮೇಲೆ ಅವಳ ಮೈಮೇಲೂ ಗುರುತು ಇರುತ್ತಿತ್ತು ನಿಜ. ಆದರೆ ಅದು ತನ್ನದೇ ಕೈಕೆಲಸವಾದ್ದರಿಂದ ಅಪ್ಪ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ಬೆಲ್ಟಿನ ಹಿತ್ತಾಳೆಯ ಬಕಲು ಅವಳ ಮೂಗಿನ ಮೇಲೆ ಬಿತ್ತು. ಮೂಳೆ ಮುರಿದು, ಮುಖವೆಲ್ಲ ಊದಿ, ಕೊನೆಗೆ ಸೊಟ್ಟ ಮೂಗಾಗಿ ಕೂಡಿಕೊಂಡಿತು. ಆಮೇಲೆ ಅವಳಿಗೆ ವಾಸನೆ ಎಂಬುದೇ ಗೊತ್ತಾಗಲಿಲ್ಲ. ಹೂವೂ ಒಂದೇ, ಹಿಕ್ಕೆಯೂ ಒಂದೇ. "ಈ ಕೆಲಸಕ್ಕೆ ಒಳ್ಳೇದೇ ಆಯ್ತು," ಎಂದು ನಗುತ್ತಿದ್ದಳು.

ತಂಗಿ ಅಂದರೆ ಅವಳಿಗೆ ಪ್ರಾಣ. ಇದನ್ನು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದರೆ ನೀವು ನಂಬುವುದಿಲ್ಲ. ತಾನು ಮದುವೆಯಾಗಲಿಲ್ಲ. ತಂಗಿಗೆ ಮಾಡಿದಳು. ಲಾರಿ ಓಡಿಸುವ ಹುಡುಗ, ಮಾತು ಕಮ್ಮಿ, ದಿನಗಟ್ಟಲೆ ದಾರಿಯ ಮೇಲೇ ಇರುವವನು. ಬಂದಾಗ ಮುಂದಿನ ಕೋಣೆಯಲ್ಲಿ ಇರುತ್ತಿದ್ದ, ಹೋದಾಗ ಮನೆ ಮತ್ತೆ ಅಕ್ಕತಂಗಿಯರದು.

ತಂಗಿ ಎರಡು ಸಲ ಬಸುರಾದಳು. ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಎರಡನೆಯದು ಹೋದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಡ್ರೈವರ್ ಬೆಂಚಿನ ಪಕ್ಕ ನಿಂತಿದ್ದ. ಕರೆ ಬಂದಾಗ ಅವನು ಯಾರದೋ ಮದುವೆಯಲ್ಲಿದ್ದವನು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಅಲ್ಲಿಂದ ನೇರ ಓಡಿಬಂದಿದ್ದ. ಹಿಡಿಯಕ್ಕ ಒಳಗಿನಿಂದ ಬಂದವಳು ಅವನ ಅಂಗಿ ನೋಡಿದಳು, ತಲೆ ನೋಡಿದಳು. ಒಳಗೆ ತಂಗಿ ರಕ್ತದಲ್ಲಿ ಮಲಗಿದ್ದಾಳೆ, ಇವನದು ಒಂದು ಕೂದಲೂ ಅಲುಗಿಲ್ಲ. ಅಷ್ಟೇ. ಕಪಾಳಕ್ಕೆ ಬಿಟ್ಟ ಏಟಿಗೆ ಅವನ ತುಟಿ ಹರಿದು, ಹಲ್ಲೊಂದು ಬೆಂಚಿನ ಕೆಳಗೆ ಉರುಳಿತು. ಇಬ್ಬರು ಆಯಾಗಳು ಬಂದು ಹಿಡಿದರೂ ಇನ್ನೊಂದು ಬಿಟ್ಟಳು. ಮಂಚದ ಮೇಲಿದ್ದ ತಂಗಿಗೆ ಎಲ್ಲ ಕೇಳಿಸಿತು. ಡ್ರೈವರ್ ಮರುದಿನ ಹಲ್ಲಿಲ್ಲದ ಬಾಯಲ್ಲಿ, "ಹೋಗ್ಲಿ ಬಿಡು, ಅವ್ರಿಗೂ ದುಃಖ," ಎಂದ. ಅಂಥವನು ಅವನು.

ಮೂರನೆಯ ಸಲ ತಂಗಿ ಬಸುರಾಗಿದ್ದಾಳೆ. ನಿಮಗೆ ಈಗಲೇ ಹೇಳಿಬಿಟ್ಟಿದ್ದೇನೆ. ಹಿಡಿಯಕ್ಕನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಪಿಸುಮಾತಿನಲ್ಲಿ ಆಣೆ ಹಾಕಿಕೊಂಡಿದ್ದರು: ಗಟ್ಟಿಯಾಗುವವರೆಗೆ ಬೇಡ.

ಆದರೆ ಹೊಟ್ಟೆಯೊಳಗಿನದು ಗುಟ್ಟು ಗಿಟ್ಟು ಕೇಳುತ್ತದೆಯೇ? ಈ ಸಲ ಅದಕ್ಕೆ ಆಗದಿದ್ದದ್ದು ಒಂದೇ, ಒಣಮೀನು. ಗೌಜಲಕ್ಕಿಯ ಆಹಾರಕ್ಕೆ ಒಡೆದ ಜೋಳ, ಸೋಯಾ ಹಿಂಡಿ, ತೌಡು, ಚಿಪ್ಪಿನ ಪುಡಿ, ಚೂರು ಉಪ್ಪು, ಇವೆಲ್ಲದರ ಜೊತೆ ಒಣಮೀನಿನ ಪುಡಿ ಬೀಳಬೇಕು. ಅದು ಬಿದ್ದರೆ ಹಕ್ಕಿ ಹಕ್ಕಿಯಾಗುತ್ತದೆ. ತಂಗಿ ಮೀನಿನ ಚೀಲದ ಬಾಯಿ ಬಿಚ್ಚಿದ ಕೂಡಲೇ ಕರುಳು ಬಾಯಿಗೆ ಬರುವ ಹಾಗೆ ವಾಂತಿ. ವಾಂತಿ ಮಾಡಿ ಮಾಡಿ ಹೊಟ್ಟೆ ಕಿವುಚಿಕೊಂಡು, ಒಂದು ದಿನ ಕೆಳಗೆ ನಾಲ್ಕು ಹನಿ ರಕ್ತ ಕಂಡಿತು. ಅವತ್ತೇ ಚೀಲದ ಬಾಯಿಗೆ ದಬ್ಬಳ ಹಾಕಿ ಹೊಲಿದು, ಮೂಲೆಯಲ್ಲಿ ಖಾಲಿ ಗೋಣಿಗಳ ಹಿಂದೆ ತಳ್ಳಿದಳು. ಮೀನಿನ ಬದಲು ಎರಡು ಪಾಲು ತೌಡು ಹಾಕಿದಳು. ಬಣ್ಣ ಅದೇ ಬಂತು. ಅಕ್ಕ ದಿನಾ ಬಂದು ತೊಟ್ಟಿಯಲ್ಲಿ ಕೈಯಾಡಿಸಿ ನೋಡುತ್ತಿದ್ದಳು. ಕಣ್ಣಿಗೆ ಸರಿಯೇ ಕಾಣುತ್ತಿತ್ತು. ಮೂಗಿದ್ದವರಾಗಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ತಂಗಿಗಾಗಿ ಕಳೆದುಕೊಂಡ ಮೂಗು ತಂಗಿಯನ್ನೇ ಕಾಯಿತು, ಸ್ವಲ್ಪ ದಿನ.

ಮೊದಲು ಕೆಳಗಿನ ಅಂತಸ್ತಿನಲ್ಲಿ ಒಂದೆರಡು ಹಕ್ಕಿಗಳ ಬಾಲದ ಬುಡ ಬೋಳಾಯಿತು. ಹಿಡಿಯಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಬೆನ್ನು. ಗರಿಗಳಿಗೆ ಹೊಳಪಿಲ್ಲ, ಅಂಚು ಹರಿದ ಚಿಂದಿಯ ಹಾಗೆ, ಹಿಡಿದರೆ ಕೈಯಲ್ಲೇ ಮುರಿಯುತ್ತಿದ್ದವು. ಗೂಡಿನ ತಳದಲ್ಲಿ ಬಿದ್ದ ಗರಿ ಗುಡಿಸಲು ಸಿಗಬೇಕಿತ್ತಲ್ಲ, ಅದೂ ಸಿಗುತ್ತಿರಲಿಲ್ಲ. ಒಂದು ಬೆಳಗ್ಗೆ ನಡುವಿನ ಗೂಡಿನಲ್ಲಿ ಒಂದು ಹೆಣ. ತಲೆಯ ಚರ್ಮ ಪೂರ್ತಿ ಹೋಗಿ ಬುರುಡೆ ಬೆಳ್ಳಗೆ ಕಾಣುತ್ತಿತ್ತು.

"ಬಂದ್ಳು ನೋಡು ಕಳ್ಳಿ," ಎಂದಳು ಹಿಡಿಯಕ್ಕ. ಮೂಲೆಯಲ್ಲಿ ಒಂದು ಹೆಣ್ಣುಹಕ್ಕಿ ಮೈತುಂಬ ಗರಿ ಹೊದ್ದು ನಿಂತಿತ್ತು. ಕೈ ಹಾಕಿ ಎಳೆದು ಟಕ್ ಎನಿಸಿದಳು. ತಲೆ ಬಕೆಟ್ಟಿಗೆ, ಮೈ ಕಲ್ಲಿನ ಮೇಲೆ.

ಮರುದಿನ ಇನ್ನೊಂದು ಗೂಡಿನಲ್ಲಿ. ಅದರ ಮರುದಿನ ಮೂರರಲ್ಲಿ. ಅವಳು ಹುಡುಕಿ ಹುಡುಕಿ ಮುರಿದಳು. ಗರಿ ನೆಟ್ಟಗಿದ್ದದ್ದು ಎಲ್ಲಿದ್ದರೂ ಬಿಡಲಿಲ್ಲ. ಅವಳ ಕೈ ಗೂಡಿನೊಳಗೆ ಹೋದರೆ ಸಾಕು, ಬೋಳು ಹಕ್ಕಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ಚೀರುತ್ತಿದ್ದವು, ಬೋಳಾಗದ್ದು ಸಿಕ್ಕಿಬೀಳುತ್ತಿತ್ತು. ಕೊಂದಷ್ಟೂ ಗೂಡು ಕೆಂಪಾಗುತ್ತ ಹೋಯಿತು. ಅಪ್ಪನ ಕಾಲದಲ್ಲಿ ಒಂದು ಮುರಿದರೆ ಸುಮ್ಮನಾಗುತ್ತಿದ್ದವು. ಈಗ ಇವಳು ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದರ ಕರುಳು ತಂತಿಗೆ ಸುತ್ತಿಕೊಂಡಿರುತ್ತಿತ್ತು. ಅವಳ ನಿದ್ದೆ ಹೋಯಿತು, ಊಟ ಹೋಯಿತು. ಬಾಯಲ್ಲಿ ಬೈಗುಳ ಮಾತ್ರ ಉಳಿಯಿತು. ಸಿಟ್ಟಿನಲ್ಲಿ ಒಂದು ಹಕ್ಕಿಯನ್ನು ಗೋಡೆಗೆ ಎಸೆದಳು. ಅದು ಕುಕ್ಕಿರಲೂ ಇಲ್ಲ, ಸುಮ್ಮನೆ ನೋಡಿತ್ತು ಅಷ್ಟೇ.

ತಂಗಿ ಇದನ್ನೆಲ್ಲ ಕಲಸುವ ಕೋಣೆಯ ಬಾಗಿಲಿಂದ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕ "ಕಳ್ಳಿ" ಎಂದಾಗೆಲ್ಲ ಅವಳ ಕೈ ತನ್ನ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದಳೋ. ಇನ್ನೊಂದು ವಾರ ಕಳೆಯಲಿ, ಎಂದುಕೊಳ್ಳುತ್ತಿದ್ದಳು.

ಅವಳಿಂದ ಹಕ್ಕಿ ಕೊಳ್ಳುತ್ತಿದ್ದ ಹೋಟೆಲಿನ ಬಾಣಸಿಗ ಅವನ್ನು ವಾಪಸ್ ತಂದು ಕಟ್ಟೆಯ ಮೇಲೆ ಸುರಿದ ದಿನ ಹಿಡಿಯಕ್ಕನ ತಾಳ್ಮೆಯ ಕೊನೆಯ ಎಳೆಯೂ ಹರಿಯಿತು.

"ಇದೇನು ಹಕ್ಕೀನೋ, ಕಜ್ಜಿನೋ? ಚರ್ಮ ಎಲ್ಲ ಗಾಯ. ತಟ್ಟೇಲಿ ಇಟ್ರೆ ಗಿರಾಕಿ ಎದ್ದು ಹೋಗ್ತಾನೆ," ಎಂದ. ಹೋಗುವಾಗ, "ಡಾಕ್ಟರಿಗಾದ್ರೂ ತೋರ್ಸಮ್ಮ. ಎಲ್ಲಾನೂ ಕತ್ತು ಮುರಿದೇ ವಾಸಿ ಮಾಡ್ತೀಯಾ?" ಎಂದೂ ಸೇರಿಸಿದ. ಬೇರೆ ದಿನವಾಗಿದ್ದರೆ ಅವನ ಹಲ್ಲೂ ಎಣಿಸಬೇಕಾಗುತ್ತಿತ್ತು. ಅವತ್ತು ಅವಳಿಗೆ ಆ ಮಾತು ತಾಗಿತು. ಪಶುವೈದ್ಯೆಗೆ ಹೇಳಿಕಳಿಸಿದಳು.

ಡಾಕ್ಟರಮ್ಮ ಜೀಪಿನಲ್ಲಿ ಬಂದಳು. ಇನ್ನೂ ಚಿಕ್ಕ ವಯಸ್ಸು, ಮಂಡಿಯವರೆಗೆ ಬೂಟು. ಗೂಡಿನಿಂದ ಒಂದು ಹಕ್ಕಿ ತೆಗೆದು, ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದಳು. ಗರಿಯ ಮೇಲೆ ಅಡ್ಡಡ್ಡ ಗೆರೆಗಳು, ಒಂದೊಂದು ಗೆರೆಯಲ್ಲೂ ಗರಿ ತೆಳುವಾಗಿ ಮುರಿದಿತ್ತು.

"ಏನು ತಿನ್ನಿಸ್ತಿದ್ದೀರ?"

"ಅಪ್ಪನ ಕಾಲದಿಂದ ಏನು ತಿನ್ನಿಸ್ತಿದ್ವೋ ಅದೇ."

"ಇವತ್ತು ಸತ್ತಿರೋದು ಯಾವ್ದಾದ್ರೂ ಇದ್ಯಾ?"

ಸತ್ತದ್ದಕ್ಕೇನು ಬರ! ಹಿಡಿಯಕ್ಕ ಎರಡು ತಂದಿಟ್ಟಳು. "ಇದು ತಿಂದು ಸಾಯಿಸಿದ್ದು. ಇದು ತಿನ್ನಿಸಿಕೊಂಡು ಸತ್ತಿದ್ದು," ಎಂದು ಪರಿಚಯ ಮಾಡಿಸಿದಳು. ಮೊದಲನೆಯದು ಅವಳು ಬೆಳಗ್ಗೆ ಕತ್ತು ಮುರಿದಿದ್ದ, ಗರಿ ನೆಟ್ಟಗಿದ್ದ ಹಕ್ಕಿ.

ಡಾಕ್ಟರಮ್ಮ ಕತ್ತರಿ ಹಾಕಿದಳು. ಕಾಳು ಅರೆಯುವ ಗಟ್ಟಿ ಹೊಟ್ಟೆಯನ್ನು ಸೀಳಿದರೆ ಒಳಗೆ ಒದ್ದೆ ಗರಿಗಳ ಉಂಡೆ.

"ನಾನು ಹೇಳ್ಲಿಲ್ವಾ!" ಎಂದಳು ಹಿಡಿಯಕ್ಕ. ಗೆದ್ದ ಮುಖ.

ಡಾಕ್ಟರಮ್ಮ ಎರಡನೆಯದನ್ನು ಸೀಳಿದಳು. ಬೆನ್ನು ಬೋಳಾಗಿ, ತಲೆ ಸುಲಿದು ಸತ್ತದ್ದು. ಅದರ ಹೊಟ್ಟೆಯಲ್ಲೂ ಉಂಡೆ. ಮೊದಲನೆಯದಕ್ಕಿಂತ ದೊಡ್ಡದು.

"ಎಲ್ಲಾ ಎಲ್ಲಾರದ್ದೂ ತಿಂದಿದ್ದಾವೆ," ಎಂದಳು ಡಾಕ್ಟರಮ್ಮ. "ಗರಿ ಅಂದ್ರೆ ಏನು ಅಂದ್ಕೊಂಡ್ರಿ? ಪೂರ್ತಿ ಪ್ರೋಟೀನು. ಕಾಳಲ್ಲಿ ಸಿಗ್ಲಿಲ್ಲ ಅಂದ್ರೆ ಪಕ್ಕದವಳ ಬೆನ್ನ ಮೇಲೆ ಹುಡುಕ್ತಾವೆ."

"ಹೊಟ್ಟೆ ಬಿರಿಯೋ ಹಾಗೆ ತಿಂತಾವಲ್ಲ ಮೂರು ಹೊತ್ತೂ!"

"ಹೊಟ್ಟೆ ತುಂಬಿರುತ್ತೆ, ಮೈಗೆ ಬೇಕಾದ್ದು ಸಿಕ್ಕಿರಲ್ಲ. ಆಹಾರದಲ್ಲಿ ಏನೋ ಬಿಟ್ಟುಹೋಗಿದೆ, ಮೀನೋ, ಹಿಂಡಿನೋ, ಉಪ್ಪೋ." ಅವಳು ಮೊದಲನೆಯ ಹಕ್ಕಿಯ ಗರಿಯನ್ನು ಬೆರಳಲ್ಲಿ ನೇವರಿಸಿದಳು. "ಇದನ್ಯಾಕೆ ಕೊಂದ್ರಿ? ಇಂಥಾ ಆಹಾರದಲ್ಲೂ ಇಷ್ಟು ಚೆನ್ನಾಗಿ ಗರಿ ಇಟ್ಕೊಂಡಿತ್ತು ಅಂದ್ರೆ ಷೆಡ್ಡಲ್ಲೇ ಗಟ್ಟಿ ಹಕ್ಕಿ ಇದು. ಮರಿಗೆ ಅಂತ ಇಟ್ಕೋಬೇಕಾಗಿತ್ತು."

ಹಿಡಿಯಕ್ಕ ಬಕೆಟ್ಟಿನ ಕಡೆ ನೋಡಿದಳು. ಎಷ್ಟು ದಿನದಿಂದ ಎಷ್ಟು ತಲೆಗಳು ಆ ಬಕೆಟ್ಟಿಗೆ ಬಿದ್ದಿದ್ದವೋ. ಇವಳೊಬ್ಬಳೇ ಕಳ್ಳಿ ಅನ್ನುವಂಥದ್ದು ಅದರಲ್ಲಿ ಒಂದೂ ಅಲ್ಲ. ಆ ಕ್ಷಣದಲ್ಲಿ ಅವಳು ಒಂದು ಗಳಿಗೆ ನೆಲದ ಮೇಲೆ ಕೂತು ಅತ್ತಿದ್ದರೆ ಎಲ್ಲ ಬೇರೆಯಾಗುತ್ತಿತ್ತು. ಆದರೆ ಒಬ್ಬ ಕಳ್ಳ ಸಿಗಲಿಲ್ಲವೆಂದರೆ ಇನ್ನೊಬ್ಬನನ್ನು ಹುಡುಕುವುದನ್ನು ಬಿಟ್ಟು ಅವಳಿಗೆ ಯಾರೂ ಬೇರೇನೂ ಕಲಿಸಿರಲಿಲ್ಲ. ಅಪ್ಪ ನೆಟ್ಟ ಆಲದ ಮರಕ್ಕೇ ನೇಣು ಹಾಕಿಕೊಳ್ಳುವವರಿಗೆ ಬೇರೆ ಮರ ಕಣ್ಣಿಗೇ ಬೀಳುವುದಿಲ್ಲ.

"ಕಲಸೋದು ಯಾರು? ಅವ್ರನ್ನ ಒಂದ್ಸಲ ಕರೀರಿ, ಕೇಳೋಣ," ಎಂದು ಡಾಕ್ಟರಮ್ಮ ಏನೂ ಅರಿಯದೆ ಕೇಳಿದಳು.

"ನೀವು ಕೈ ತೊಳ್ಕೊಳ್ಳಿ. ನಾನು ಕೇಳ್ತೀನಿ."

ಕಲಸುವ ಕೋಣೆಯಲ್ಲಿ ತಂಗಿ ಗೋಣಿಯ ಮೇಲೆ ಕೂತು ಜೋಳ ಜರಡಿ ಹಿಡಿಯುತ್ತಿದ್ದಳು. ಅಕ್ಕನ ಹೆಜ್ಜೆ ಕೇಳಿ ಎದ್ದು ನಿಂತಳು. ಹಿಡಿಯಕ್ಕ ಅವಳ ಮುಖವನ್ನೂ ನೋಡದೆ ತೊಟ್ಟಿಗೆ ಕೈ ಹಾಕಿ, ಹಿಡಿ ತುಂಬ ತೆಗೆದು, ನಾಲಿಗೆಗೆ ಹಾಕಿದಳು. ಮೂಗಿಲ್ಲದಿದ್ದರೂ ನಾಲಿಗೆಗೆ ಉಪ್ಪು ಗೊತ್ತು. ತೌಡು, ಬರೀ ತೌಡು. ಒಣಮೀನಿನ ಉಪ್ಪಿನ ರುಚಿ ಒಂದು ಚೂರೂ ಇಲ್ಲ. ಉಗಿದಳು. ಮೂಲೆಯ ಗೋಣಿಗಳನ್ನು ಒಂದೊಂದಾಗಿ ಎಳೆದು ಎಸೆದಳು. ಹಿಂದೆ ಮೀನಿನ ಚೀಲ, ಬಾಯಿಗೆ ಹೊಲಿಗೆ ಹಾಕಿದ್ದು ಹಾಕಿದ ಹಾಗೇ.

"ಇದೇನೇ?"

"ಅಕ್ಕ, ಹೇಳ್ತೀನಿ, ಒಂದ್ನಿಮಿಷ ಕೂತ್ಕೋ..."

"ಇದೇನೇ ಅಂದೆ!"

ತಿರುಗಿ ನೋಡಿದಳು. ಎಷ್ಟೋ ದಿನದ ಮೇಲೆ ತಂಗಿಯನ್ನು ಸರಿಯಾಗಿ ನೋಡಿದ್ದು ಆಗಲೇ. ಕೆನ್ನೆ ತುಂಬಿಕೊಂಡಿದೆ. ಕೂದಲು ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿದೆ. ಚರ್ಮ ನುಣ್ಣಗೆ. ಆ ಕಡೆ ಷೆಡ್ಡಿನ ತುಂಬ ಬೋಳು ಬೆನ್ನುಗಳು, ಬಿಳಿ ಬುರುಡೆಗಳು. ಈ ಕಡೆ ಇವಳು, ಒಂದು ಗರಿಯೂ ಅಲುಗದೆ. ಹಿಡಿಯಕ್ಕನ ಕೈಗೆ ಮರದ ಸಲಿಕೆ ಹೇಗೆ ಬಂತೋ ಅವಳಿಗೆ ಗೊತ್ತಿಲ್ಲ. ಕಲಸುವ ಸಲಿಕೆ, ತೇಗದ್ದು, ಎತ್ತಲು ಎರಡು ಕೈ ಬೇಕು. ಅವಳು ಅದನ್ನು ತಲೆಯ ಮೇಲಕ್ಕೆ ಎತ್ತಿದಳು.

ತಂಗಿ ಕೂಗಲಿಲ್ಲ, ಓಡಲಿಲ್ಲ. ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದು ಹಣೆಯನ್ನು ಅದಕ್ಕೆ ಬಡಿದುಕೊಂಡಳು. ಧಡ್. ಕೆಂಪಾಗಲಿಲ್ಲವೇನೋ ಎಂಬಂತೆ ಇನ್ನೊಮ್ಮೆ. ಮೂರನೆಯ ಸಲಕ್ಕೆ ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣಿಗಿಳಿಯಿತು. ಅದೂ ಸಾಲದೆಂದು ಬಲಗೈ ತಲೆಗೆ ಹೋಗಿ ಒಂದು ಹಿಡಿ ಕೂದಲನ್ನು ಬುಡಸಮೇತ ಕಿತ್ತಿತು. ಆ ಕೂದಲನ್ನು ಮುಂದೆ ಚಾಚಿ ತೋರಿಸುತ್ತ, ಮಗುವಿನ ದನಿಯಲ್ಲಿ ಹೇಳುತ್ತಲೇ ಹೋದಳು:

"ನೋಡು, ನಂಗೂ ಆಗಿದೆ. ರಕ್ತ ಬಂದಿದೆ ನೋಡು. ನಾನಲ್ಲ. ನೋಡಪ್ಪಾ, ನಂಗೂ ಆಗಿದೆ..."

ಅವಳ ಎಡಗೈ ಮಾತ್ರ ಅಲುಗಿರಲಿಲ್ಲ. ಅದು ಹೊಟ್ಟೆಯನ್ನು ಮುಚ್ಚಿಕೊಂಡಿತ್ತು.

ಹಿಡಿಯಕ್ಕ "ಅಪ್ಪಾ" ಎಂಬುದನ್ನು ಕೇಳಿದಳು. ಎಡಗೈಯನ್ನು ನೋಡಿದಳು. ಎರಡೂ ಒಟ್ಟಿಗೆ ತಲೆಗೆ ಹೋದವು. ಆದರೆ ಸಲಿಕೆ ಆಗಲೇ ಇಳಿಯತೊಡಗಿತ್ತು. ಇದ್ದಬದ್ದ ಬಲವನ್ನೆಲ್ಲ ಹಾಕಿ ಪಕ್ಕಕ್ಕೆ ಎಳೆದಳು, ಭುಜದಲ್ಲಿ ಏನೋ ಕಳಕ್ಕೆಂದಿತು, ಸಲಿಕೆ ತಂಗಿಯ ಕಿವಿ ಸವರಿಕೊಂಡು ಹೋಗಿ ತಗಡಿನ ಗೋಡೆಗೆ ಬಡಿಯಿತು.

ಆ ಸದ್ದಿಗೆ ಆಚೆಯ ಷೆಡ್ಡು ಸಿಡಿಯಿತು. ಗೌಜಲಕ್ಕಿ ಬೆದರಿದರೆ ಪಕ್ಕಕ್ಕೆ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಎಲ್ಲ ಗೂಡುಗಳಲ್ಲೂ ಎಲ್ಲ ಹಕ್ಕಿಗಳೂ ಒಟ್ಟಿಗೆ ಚಿಮ್ಮಿ ತಂತಿಯ ಛಾವಣಿಗೆ ತಲೆ ಹೊಡೆದುಕೊಂಡವು. ಬಿದ್ದವು, ಮತ್ತೆ ಚಿಮ್ಮಿದವು. ಕಲ್ಲಿನ ಮಳೆ ಸುರಿದಂತೆ ಸದ್ದು. ಗರಿಯಿಲ್ಲದ ತಲೆಗಳು, ಕಾಯಲು ಏನೂ ಇಲ್ಲ. ಬುರುಡೆ ಒಡೆದು, ಕತ್ತು ತಿರುಚಿ, ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಡಾಕ್ಟರಮ್ಮ ಒದ್ದೆ ಕೈಯಲ್ಲೇ ಓಡಿಬಂದಳು.

ತಂಗಿ ಚೌಕಟ್ಟಿಗೆ ಬೆನ್ನು ಕೊಟ್ಟು ಜಾರಿ ಕೂತಿದ್ದಳು. ಹಿಡಿಯಕ್ಕ ಅವಳ ಮುಂದೆ ಮಂಡಿಯೂರಿದಳು. ಮುಟ್ಟಲು ಕೈ ಬರಲಿಲ್ಲ.

"ಎಷ್ಟು ತಿಂಗಳು?"

"ನಾಲ್ಕು."

"ಯಾಕೆ ಹೇಳ್ಲಿಲ್ಲ ಕಣೇ ನಂಗೆ?"

ತಂಗಿ ಕಣ್ಣಿನ ರಕ್ತ ಒರೆಸಿಕೊಂಡಳು. "ಇದೂ ಹೋದ್ರೆ ಯಾರನ್ನ ಹೊಡೀತೀಯೋ ಅಂತ ಹೆದ್ರಿಕೆ ಆಯ್ತು."

ಡಾಕ್ಟರಮ್ಮನ ಜೀಪಿನಲ್ಲೇ ಆಸ್ಪತ್ರೆಗೆ ಹೋದರು. ದಾರಿಯಲ್ಲಿ ತಂಗಿ ಹೊಟ್ಟೆ ಹಿಡಿದು ಎರಡು ಸಲ ನರಳಿದಳು. ಹಿಡಿಯಕ್ಕ ಹಿಂದಿನ ಸೀಟಿನಲ್ಲಿ ಇನ್ನೊಂದು ತುದಿಗೆ ಒತ್ತಿಕೊಂಡು ಕೂತಿದ್ದಳು. ಅದೇ ಆಸ್ಪತ್ರೆ, ಅದೇ ಕಾರಿಡಾರು, ಅದೇ ಬೆಂಚು. ತಂಗಿಯನ್ನು ಒಳಗೆ ಕರೆದುಕೊಂಡು ಹೋದರು. ಹೇಗಾಯಿತು ಎಂದು ನರ್ಸ್ ಕೇಳಿದ್ದಕ್ಕೆ ತಂಗಿ, "ಬಾಗಿಲಿಗೆ ನಾನೇ ಬಡ್ಕೊಂಡೆ," ಎಂದದ್ದು ಹೊರಗೆ ಕೇಳಿಸಿತು. ಸುಳ್ಳಲ್ಲ. ಸುಳ್ಳಾಗಿದ್ದರೆ ಹಿಡಿಯಕ್ಕನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಗೋಡೆಯಲ್ಲಿ ಕೈ ತೊಳೆಯುವ ಬೇಸಿನ್ನು, ಅದರ ಮೇಲೆ ಕನ್ನಡಿ. ಅವಳು ಎದ್ದು ಹೋಗಿ ನೋಡಿಕೊಂಡಳು. ತಲೆ ಬಾಚಿದ್ದು ಬಾಚಿದ ಹಾಗೇ ಇತ್ತು. ಮುಖದ ಮೇಲೆ ಸೊಟ್ಟ ಮೂಗೊಂದು ಬಿಟ್ಟರೆ, ಅದೂ ಹಳೆಯದು, ಒಂದು ಗೀರಿಲ್ಲ. ಎರಡೂ ಕೈಯನ್ನು ತಿರುವಿ ಮುರುವಿ ನೋಡಿದಳು. ಹಕ್ಕಿಗಳ ಒಣಗಿದ ರಕ್ತವಿತ್ತು, ಅವಳದಲ್ಲ. ಅವಳು ಬೆಂಚಿಗೆ ಬಂದು ಕಾಯುತ್ತ ಕೂತಳು. ಮಗು ಉಳಿಯಲಿ ಎಂದು ಬೇಡಿಕೊಳ್ಳಲೂ ಅವಳಿಗೆ ಹೆದರಿಕೆ. ತನ್ನ ಬಾಯಿಂದ ಬಂದರೆ ಎಲ್ಲಿ ಕೆಡುತ್ತದೋ ಎಂದು.

ಡ್ರೈವರ್ ಬಂದಾಗ ಸಂಜೆಯಾಗಿತ್ತು. ಷೆಡ್ಡಿನಲ್ಲಿ ಏನೋ ಅವಘಡ ಎಂದಷ್ಟೇ ಅವನಿಗೆ ಸುದ್ದಿ ಮುಟ್ಟಿತ್ತು. ಎಲ್ಲಿಯೋ ಲಾರಿ ನಿಲ್ಲಿಸಿ, ಯಾರದೋ ಬೈಕು ಹತ್ತಿ, ಅರ್ಧ ದಾರಿ ಓಡಿ ಬಂದಿದ್ದ. ಅಂಗಿಯ ಗುಂಡಿ ಕಿತ್ತಿತ್ತು, ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಹಿಡಿಯಕ್ಕ ಎದ್ದು ನಿಂತಳು. ಈಗ ಹೊಡೆಯುತ್ತಾನೆ ಎಂದುಕೊಂಡಳು. ಹೊಡೆಯಲಿ ಎಂದು ಕೆನ್ನೆಯನ್ನು ಸ್ವಲ್ಪ ಮುಂದಕ್ಕೇ ಮಾಡಿದಳು.

ಅವನು ಅವಳನ್ನು ತಲೆಯಿಂದ ಕಾಲಿನವರೆಗೆ ಗಾಬರಿಯಲ್ಲಿ ನೋಡಿದ. ಆಮೇಲೆ ಉಸಿರು ಬಿಟ್ಟ.

"ಸದ್ಯ ಅಕ್ಕ, ನಿಮಗಾದ್ರೂ ಏನೂ ಆಗ್ಲಿಲ್ವಲ್ಲ. ಒಂದು ಗೀರೂ ಬಿದ್ದಿಲ್ಲ," ಎಂದ.

ಬೆಲ್ಟಿಗೆ ಅಳದವಳು, ಮುರಿದ ಮೂಗಿಗೆ ಅಳದವಳು, ಆ ಮಾತಿಗೆ ಬೆಂಚಿನ ಮೇಲೆ ಕುಸಿದು ಎದೆ ಎದೆ ಬಡಿದುಕೊಂಡು ಅತ್ತಳು. "ಹೊಡಿಯೋ ನಂಗೆ, ಒಂದೇ ಒಂದು ಹೊಡಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಭಯದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಆ ಪುಣ್ಯಾತ್ಮ ನೀರು ತರಲು ಹೋದ.

ಮಗು ಉಳಿಯಿತು. ಮೊದಲೆರಡು ಹೋದದ್ದಕ್ಕೂ ಯಾರೂ ಕಾರಣರಲ್ಲ, ಅವು ಹೋಗುವವು ಹೋದವು ಅಷ್ಟೇ ಎಂದು ನರ್ಸ್ ಹೇಳಿದಳು. ಇದು ಗಟ್ಟಿಪಿಂಡ, ಕಾಲಕ್ಕೆ ಸರಿಯಾಗಿ ಹುಟ್ಟಿತು, ಹೆಣ್ಣು.

ಹಿಡಿಯಕ್ಕ ಅವತ್ತಿನಿಂದ ಅಪ್ಪನ ಗೆರೆ ದಾಟಿ ತಾನೇ ಕಲಸತೊಡಗಿದಳು. ಮೀನಿನ ಚೀಲದ ಹೊಲಿಗೆ ಬಿಚ್ಚಿದಳು. 'ಕೊಲ್ಲುವ ಕೈ'ಯಿಂದ ಹಕ್ಕಿಗಳು ಒಂದು ಗಳಿಗೆಯೂ ಅನುಮಾನಿಸದೆ ತಿಂದವು. ಡಾಕ್ಟರಮ್ಮ ಹೇಳಿದ ಹಾಗೆ ಗೂಡಿಗೆ ಹಕ್ಕಿ ಕಡಿಮೆ ಮಾಡಿ, ಬೆಳಕು ಮಂಕು ಮಾಡಿ, ಕುಕ್ಕಲು ಸೊಪ್ಪು ತೂಗುಹಾಕಿ, ತಂತಿಯ ಛಾವಣಿಯ ಕೆಳಗೆ ಮೆತ್ತನೆ ಬಲೆ ಕಟ್ಟಿದಳು. ಬೋಳು ಬೆನ್ನುಗಳ ಮೇಲೆ ಮೊದಲು ಮುಳ್ಳಿನ ಹಾಗೆ ಕಡ್ಡಿಗಳು ಎದ್ದವು, ಒಳಗೆ ರಕ್ತ ತುಂಬಿದ್ದವು; ಆ ಹಕ್ಕಿಗಳನ್ನು ಉಳಿದವು ಕುಕ್ಕದ ಹಾಗೆ ಬೇರೆ ಗೂಡಿನಲ್ಲಿಟ್ಟು ಕಾದಳು. ಮಗು ಹುಟ್ಟುವ ಎಷ್ಟೋ ಮೊದಲೇ ಕಡ್ಡಿ ಬಿರಿದು ಗರಿಯಾಗಿ, ಷೆಡ್ಡೆಲ್ಲ ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. ಬಾಣಸಿಗ ಬಂದು, "ಈಗ ನೋಡು, ಹಕ್ಕಿ ಅಂದ್ರೆ ಹಕ್ಕಿ," ಎಂದ. ಅವಳು ಯಾರ ಮೇಲೂ ಕೈ ಎತ್ತಲಿಲ್ಲ. ಮೈಗೆ ಮೀನಿನ ವಾಸನೆ ಎಷ್ಟು ಹತ್ತಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ಬಸುರಿ ತಂಗಿಯಿಂದ ದೂರ, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. "ಒಳಗೆ ಬಾರೇ ಅಕ್ಕ, ಈಗ ವಾಂತಿ ಇಲ್ಲ," ಎಂದು ತಂಗಿ ಕರೆಯುತ್ತಿದ್ದಳು. ಪ್ರೀತಿಯಿಂದಲೇ ಕರೆಯುತ್ತಿದ್ದಳು. ತಂಗಿಯ ಕಿತ್ತ ಕೂದಲೂ ಹುಟ್ಟಿ ಬಂತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಗಾದೆ. ಗರಿ ಬಂತು, ಕೂದಲು ಬಂತು. ಹಿಡಿಯಕ್ಕನೂ ಒಳಗೆ ಬಂದು ಉಣ್ಣುವ ಹಾಗಾಯಿತು.

ಒಂದು ಮಧ್ಯಾಹ್ನ ತಂಗಿ ಅಂಗಳದಲ್ಲಿ ಕಾಲು ಚಾಚಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳ ತಲೆಯ ಮೇಲಿನ ಹಗ್ಗದಲ್ಲಿ ಮಗುವಿನ ಬಟ್ಟೆ ಒಣಗಿತ್ತು. ಹಿಂದಿನಿಂದ ಬಂದ ಹಿಡಿಯಕ್ಕ ತೆಗೆಯೋಣವೆಂದು ಕೈ ಮೇಲೆತ್ತಿದಳು. ನೆರಳು ಬಿತ್ತು. ತಂಗಿ ತಿರುಗಿಯೂ ನೋಡಲಿಲ್ಲ. ಎಡಗೈ ಮಗುವಿನ ತಲೆಯನ್ನು ಮುಚ್ಚಿತು, ಬಲಗೈ ತನ್ನ ಕೂದಲಿಗೆ ಹೋಗಿ ಬುಡದಲ್ಲಿ ಬಿಗಿಯಾಗಿ ಹಿಡಿಯಿತು.

ಹಿಡಿಯಕ್ಕ ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಳು.

"ಬಟ್ಟೆ ಒಣಗಿದೆ. ತಗೊಳ್ಳೋಣ ಅಂತ ಬಂದೆ ಕಣೇ," ಎಂದಳು.

"ಗೊತ್ತಕ್ಕ, ತಗೋ," ಎಂದಳು ತಂಗಿ. ಕೂದಲು ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.